ತಪ್ಪೆಲ್ಲ ನನ್ನ ಹೊಟ್ಟೆಯದು

ಮೊದಲ ಸಲ ವಾಂತಿಯಾದದ್ದು ಸೋದರಮಾವನ ಜೊತೆ ನನ್ನ ಮದುವೆ ಗಟ್ಟಿಯಾದ ದಿನ. ಅವನು ತಂದ ಪೇಢೆ ಕೆಟ್ಟಿರಬೇಕು ಅಂದರು. ಮರುದಿನವೂ ಆಯಿತು. ಆಮೇಲೆ ರೊಟ್ಟಿ ಸೇರಲಿಲ್ಲ. ಅನ್ನ ಸೇರಲಿಲ್ಲ. ಕೊನೆಗೆ ಮಜ್ಜಿಗೆಯೂ ನಿಲ್ಲಲಿಲ್ಲ.

ಪುರ್ತಗೇರಿಯಿಂದ ಗಜೇಂದ್ರಗಡದ ದವಾಖಾನೆಗೆ ಅವ್ವನ ಜೊತೆ ಅವನೂ ಬಂದ. ಸ್ಕ್ಯಾನಿಂಗ್, ಎಂಡೋಸ್ಕೋಪಿ, ಎಲ್ಲ ನಾರ್ಮಲ್. ಡಾಕ್ಟರಮ್ಮ ನನ್ನನ್ನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವನು ಅವನೇ. ಅವರಿಗೆ ಸಾಕಾಯಿತು. ಇಬ್ಬರನ್ನೂ ಹೊರಗೆ ಕಳಿಸಿದರು.

"ಯಾವಾಗಿಂದ ಊಟ ಸೇರವಲ್ದವಾ?"

"ಮದುವಿ ಮಾತು ಆದಾಗಿಂದ್ರಿ."

"ಹುಡುಗ ಯಾರು?"

"ಈಗ ಹೊರಗ ಹೋದ್ರಲ್ರಿ, ಅವರ."

ಅವರು ಪೆನ್ನು ಕೆಳಗಿಟ್ಟು ಕಾದರು. ನಾನು ಹೇಳಿದೆ. ನಾಲ್ಕನೇ ತರಗತಿಯಲ್ಲಿದ್ದಾಗ ಅವನು ನನಗೆ ಮಾಡಬಾರದ್ದು ಮಾಡಿದ್ದ. ಒಂದೇ ಸಲವಲ್ಲ.

ಇಷ್ಟು ವರ್ಷ ಯಾಕೆ ಬಾಯಿಬಿಡಲಿಲ್ಲ ಎಂದು ಈಗ ಅಪ್ಪ ಕೇಳುತ್ತಾನೆ. ಬಿಟ್ಟಿದ್ದೆ. ಮಾಮಾನ ಹತ್ತಿರ ಹೋಗುವುದಿಲ್ಲ ಎಂದು ಆಗಲೇ ಹಟ ಹಿಡಿದು ಅತ್ತಿದ್ದೆ. "ಗಂಡನ್ನ ಕಂಡ್ರ ಎಷ್ಟು ನಾಚಿಕಿ ನೋಡ್ರಿ ಇಕಿಗೆ" ಎಂದು ಇಡೀ ಮನೆ ನಕ್ಕಿತ್ತು. ತೊಟ್ಟಿಲಲ್ಲಿದ್ದಾಗಿನಿಂದ ಅವನೇ ನಿನ್ನ ಗಂಡ ಎಂದು ಚೇಷ್ಟೆ ಮಾಡುತ್ತಾ ಬಂದ ಜನರ ನಡುವೆ, ಅವನು ಮಾಡಿದ್ದು ತಪ್ಪು ಎಂದು ಆ ವಯಸ್ಸಿನ ಹುಡುಗಿ ಯಾವ ಬಾಯಿಂದ ಹೇಳಬೇಕಿತ್ತು? ನೆನೆದರೆ ಈಗಲೂ ಮೈ ಉರಿಯುತ್ತದೆ.

ಡಾಕ್ಟರಮ್ಮ ನಗಲಿಲ್ಲ. ಅಷ್ಟಕ್ಕೇ ನನಗೆ ಅಳು ಬಂತು. ನನ್ನನ್ನು ಕೇಳಿಯೇ ಅವ್ವನನ್ನು ಒಳಗೆ ಕರೆದು ಹೇಳಿದರು. ಅವ್ವ ನನ್ನ ಕಡೆ ತಿರುಗಿದಳು.

"ಹೆಂಗೂ ಅವನ್ನ ಮಾಡ್ಕೊಳ್ಳಾಕಿ ಅಲ್ಲೇನ?"

ಅಲ್ಲೇ ಬೇಸಿನ್‌ಗೆ ಬಗ್ಗಿ ವಾಂತಿ ಮಾಡಿದೆ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಹಳದಿ ನೀರು. ಅವ್ವನ ಕೈ ನನ್ನ ಬೆನ್ನಿನ ಮೇಲೆ ಬಂತು. ಬಾಯಿ ತೊಳೆದುಕೊಳ್ಳುವವರೆಗೂ ಅಲ್ಲೇ ಇತ್ತು.

ಮನೆಗೆ ಬಂದು ಅವ್ವ ಅಪ್ಪನಿಗೆ ಎಲ್ಲ ಹೇಳಿದಳು. ಮದುವೆ ನಿಂತಿತು. "ಹುಡುಗಿಗೆ ಹೊಟ್ಟಿಬ್ಯಾನಿ" ಎಂದು ಅಪ್ಪ ಬಳಗಕ್ಕೆಲ್ಲ ಹೇಳಿದ. ಅವನು ಆರಾಮಾಗಿ ತಿರುಗಾಡಿಕೊಂಡಿದ್ದಾನೆ, ತಪ್ಪೆಲ್ಲ ನನ್ನ ಹೊಟ್ಟೆಯ ಮೇಲೆ. ಪೊಲೀಸ್ ಕಂಪ್ಲೇಂಟ್ ಇನ್ನೂ ಆಗಿಲ್ಲ. ಜೊತೆಗೆ ಬರುತ್ತೇನೆ ಎಂದು ಡಾಕ್ಟರಮ್ಮ ಹೇಳಿದ್ದಾರೆ.

ಮೊನ್ನೆ ಪಕ್ಕದ ಮನೆಯ ದೊಡ್ಡವ್ವ ನನ್ನ ಪುಟ್ಟ ತಂಗಿಯ ಗಲ್ಲ ಹಿಡಿದು, "ಅಕ್ಕ ಒಲ್ಲೆ ಅಂದ್ಲು, ಇನ್ನ ಮಾಮಾ ನಿನ್ನ ಗಂಡ" ಎಂದು ನಕ್ಕಳು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಆ ಮಾತು ಈ ಮನ್ಯಾಗ ಆಡಬ್ಯಾಡ್ರಿ. ಯಾಕಂತ ಕೇಳ್ರಿ, ಹೇಳ್ತೀನಿ."

ಅವತ್ತು ಒಂದು ರೊಟ್ಟಿ ಪೂರ್ತಿ ತಿಂದೆ. ಹೊಟ್ಟೆಯಲ್ಲಿ ನಿಂತಿತು.