ಹತ್ತಿಯ ಮೇಲೆ ಹೊರಿಸಿದ ಕೆಮ್ಮು

ಹೆಂಡತಿ ಕೆಮ್ಮತೊಡಗಿದಾಗ ಹಾಸಿಗೆ ಹೊಲಿಯುವವನು ಕಾರಣ ಹುಡುಕಲು ಹೋಗಲಿಲ್ಲ. ಹುಡುಕುವುದೇನು ಬಂತು! ಅವನಪ್ಪ ಕೆಮ್ಮಿದ್ದ, ದೊಡ್ಡಪ್ಪ ಕೆಮ್ಮಿದ್ದ. ಹತ್ತಿ ಹಿಂಜುವ ಮನೆಯಲ್ಲಿ ಕೆಮ್ಮು ಎಂದರೆ ಹತ್ತಿಯದೇ. ಊರವರಿಗೆ ಮೆತ್ತನೆಯ ಹಾಸಿಗೆ ಹೊಲಿದುಕೊಟ್ಟು ತಾವು ರಾತ್ರಿಯಿಡೀ ಎದ್ದು ಕೂತು ಕೆಮ್ಮುವುದು, ಎಂಥ ಚೆಂದದ ಕಸುಬು ನೋಡಿ.

ಮೊದಲು ಅವಳನ್ನು ಹಿಂಜುವ ಯಂತ್ರದ ಹತ್ತಿರ ಬಿಡಲಿಲ್ಲ. ಕೆಮ್ಮು ನಿಲ್ಲಲಿಲ್ಲ. ಆಮೇಲೆ ಅಂಗಡಿಗೇ ಬಾಗಿಲು ಹಾಕಿ, ಯಂತ್ರವನ್ನು ಗುಜರಿಗೆ ಕೊಟ್ಟು, ಯಾವುದೋ ಗೋದಾಮಿನ ಕಾವಲಿಗೆ ನಿಂತ.

"ನನ್ನಿಂದ ನಿಮ್ಮ ಕಸುಬು ಹೋಯ್ತು," ಎಂದು ಅವಳು ಅತ್ತಳು.

"ಹುಚ್ಚಿ, ನೀನಿದ್ರೆ ತಾನೇ ಅಂಗಡಿ, ಮನೆ ಎಲ್ಲ?" ಎಂದ.

ಸುಳ್ಳೇನಲ್ಲ, ಅವಳೆಂದರೆ ಅವನಿಗೆ ಜೀವ. ಆದರೂ ಬೆಳಿಗ್ಗೆ ಎದ್ದರೆ ಅವಳಿಗೆ ಬಚ್ಚಲಲ್ಲಿ ಬಗ್ಗಿ ಕಫ ಉಗುಳುವುದು ತಪ್ಪಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯ ಡಾಕ್ಟರು ಕಸುಬು ಕೇಳಿ, ಹತ್ತಿ ಎಂದ ಕೂಡಲೇ ಸಿರಪ್ ಬರೆಯುತ್ತಿದ್ದರು. ಬೇರೇನಾದರೂ ಕಾಯಿಲೆ ಇದೆಯಾ ಎಂದರೆ ಗಂಡ ಹೆಂಡತಿ ಇಬ್ಬರೂ ಇಲ್ಲವೆಂದು ತಲೆಯಾಡಿಸುತ್ತಿದ್ದರು.

ಇತ್ತು. ಕೆಮ್ಮು ಶುರುವಾಗುವ ಮೊದಲೇ ಅವಳ ದೊಡ್ಡ ಕರುಳಿನ ತುಂಬ ಹುಣ್ಣಾಗಿ, ವರ್ಷಗಟ್ಟಲೆ ರಕ್ತ ಹೋಗಿ, ಕಡೆಗೆ ಆ ಕರುಳನ್ನೇ ತೆಗೆದು, ಮಲ ಬೀಳಲು ಹೊಟ್ಟೆಯ ಮೇಲೆ ಚೀಲ ಅಂಟಿಸಿ ಕಳಿಸಿದ್ದರು. ಮನೆಗೆ ಬಂದ ದಿನವೇ ಅವನು ತಾಕೀತು ಮಾಡಿದ್ದ: "ಇದರ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡ. ಗೊತ್ತಾದ್ರೆ ನಾವು ಹೊಲಿದ ಹಾಸಿಗೆ ಮೇಲೆ ಯಾರು ಮಲಗ್ತಾರೆ?"

ಹೊಸದಾಗಿ ಬಂದ ಡಾಕ್ಟರಮ್ಮ ಅವಳನ್ನು ಮಲಗಿಸಿ ಬಟ್ಟೆ ಸರಿಸಿದಾಗ ಚೀಲ ಕಂಡಿತು. ಎದೆಯ ಸ್ಕ್ಯಾನ್ ಮಾಡಿಸಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇದು ಹತ್ತಿ ಕೆಮ್ಮಲ್ಲ. ಕರುಳಿಗೆ ಬಂದ ಉರಿಯೂತ ಕೆಲವರಿಗೆ ಉಸಿರಿನ ಕೊಳವೆಗೂ ಬರುತ್ತೆ, ಕರುಳು ತೆಗೆದ ಮೇಲೂ ಬರುತ್ತೆ. ಶುರುವಿನಲ್ಲೇ ಗೊತ್ತಾಗಿದ್ರೆ ಸ್ಟೀರಾಯ್ಡ್ ಕೊಟ್ಟು ಹಿಡಿತಕ್ಕೆ ತರಬಹುದಿತ್ತು. ಈಗಲೂ ಕೊಡ್ತೀನಿ, ಕಫ ಸ್ವಲ್ಪ ಕಡಿಮೆ ಆಗ್ಬಹುದು. ಹಾಳಾದ ಕೊಳವೆ ಮಾತ್ರ ಮತ್ತೆ ಸರಿಹೋಗಲ್ಲ."

ಅವನು ಹೆಂಡತಿಯ ಸೆರಗನ್ನು ಚೀಲದ ಮೇಲೆ ಎಳೆದ.

"ಇಷ್ಟು ದೊಡ್ಡ ಆಪರೇಷನ್ ಆಗಿದೆ, ಯಾಕಮ್ಮ ಹೇಳ್ಲಿಲ್ಲ?" ಡಾಕ್ಟರಮ್ಮ ರೇಗಿದರು.

ಅವಳು ಗಂಡನ ಕಡೆ ನೋಡಲಿಲ್ಲ. "ನಂಗೇ ನಾಚಿಕೆ ಆಯ್ತು, ಡಾಕ್ಟ್ರೇ. ಇವರು ಹೇಳು ಹೇಳು ಅಂತಾನೇ ಇದ್ರು."

"ಗಂಡನ ಮಾತಾದ್ರೂ ಕೇಳ್ಬಾರ್ದಿತ್ತಾ?"

ಅವನು ಬಾಯಿ ತೆರೆದ. ಆಮೇಲೆ, ಹೌದೆಂಬಂತೆ ತಲೆಯಾಡಿಸಿದ.