ಮೊದಲ ಕಾವಲು

ನನ್ನ ಹೆಂಡತಿ ಪುರಸಭೆಯ ಸದಸ್ಯೆಯಾಗಿದ್ದಳು. ವಾರ್ಡು ಮಹಿಳೆಗೆ ಮೀಸಲಾದಾಗ ಜನ ಬಂದು ಕೇಳಿದ್ದು ನನ್ನನ್ನು, ನಿಲ್ಲಿಸಿದ್ದು ಅವಳನ್ನು. ಗೆದ್ದ ಮೇಲೆಯೂ ಅರ್ಜಿ ಹಿಡಿದವರು ನನ್ನ ಮೋಟಾರ್ ವೈಂಡಿಂಗ್ ಅಂಗಡಿಗೇ ಬರುತ್ತಿದ್ದರು. “ಮೆಂಬರ್ ಹಿಂದ್ಗಡೆ ಮನೇಲವ್ರೆ, ನಾನು ಬರೀ ಪಂಪ್‌ಸೆಟ್ ರಿಪೇರಿಯೋನು” ಎಂದು ಒಳಗೆ ಕಳಿಸುತ್ತಿದ್ದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು, ರವಿಕೆಗೆ ತೋಳು ಹಚ್ಚುತ್ತಲೇ ನಲ್ಲಿ, ಚರಂಡಿ, ಬೀದಿ ದೀಪದ ಮಾತು ಕೇಳುತ್ತಿದ್ದಳು.

ಅವಳು ಚೌಳಹಿರಿಯೂರಿನ ಕಡೆಯವಳು. ನಮ್ಮದು ಶಿವನಿಯ ಹತ್ತಿರ. ಸ್ವಲ್ಪ ಹೊಲ, ಒಂದು ತೆಂಗಿನ ತೋಟ. ಮದುವೆಯಾದ ಮೇಲೆ ಅಂಗಡಿಗಾಗಿ ಕಡೂರಿಗೆ ಬಂದು ಬಾಡಿಗೆ ಮನೆ ಹಿಡಿದೆವು. ನಮ್ಮ ಕಡೆ ಜಮೀನಿದ್ದವರು ಸತ್ತವರನ್ನು ತಮ್ಮ ಜಮೀನಿನಲ್ಲೇ ಮಣ್ಣು ಮಾಡುತ್ತಾರೆ. ನಮ್ಮಪ್ಪ, ಅವ್ವ ಇಬ್ಬರೂ ತೋಟದ ಮೂಲೆಯಲ್ಲಿದ್ದಾರೆ. ಜಮೀನಿಲ್ಲದವರ ಪಾಡೇನು ಎಂದು ನಾವು ಯಾವತ್ತೂ ಯೋಚಿಸಿರಲಿಲ್ಲ.

ಪಕ್ಕದ ಮನೆಯ ಹಮಾಲಿಯ ಹೆಂಡತಿ ತೀರಿಕೊಂಡಾಗ ಅದು ಗೊತ್ತಾಯಿತು. ಮಳೆಗಾಲ. ಕೆರೆಯ ಅಂಗಳದಲ್ಲಿ ಗುಣಿ ತೆಗೆದರೆ ನೀರು ಜಿನುಗಿತು. ಎತ್ತಿ ಹಾಕಲು ಬಕೆಟ್ ಕೇಳಿಕೊಂಡು ಬಂದರು. ನಮ್ಮ ಮನೆಯದನ್ನು ಕೊಟ್ಟೆವು. ನಾನೂ ಜೊತೆಗೆ ಹೋದೆ. ಎಷ್ಟು ಎತ್ತಿದರೂ ನೀರು ಮತ್ತೆ ಬರುತ್ತಿತ್ತು. ಕೊನೆಗೆ ಆ ನೀರಿನಲ್ಲೇ ಇಳಿಸಿದರು. ಮನೆಗೆ ಬಂದು ಇದನ್ನು ಅವಳಿಗೆ ಹೇಳಿದೆ. ಅವಳು ಬಕೆಟ್ ತೊಳೆದು ಹಿತ್ತಿಲಲ್ಲಿ ಬೋರಲು ಹಾಕಿದಳು. ಆಮೇಲೆ ಅದರಲ್ಲಿ ನೀರು ಹಿಡಿಯಲೇ ಇಲ್ಲ.

ಸದಸ್ಯೆಯಾದ ಮೇಲೆ ನಲ್ಲಿ ಬಂತು, ದೀಪವೂ ಬಂತು. ಆದರೆ ಸಭೆಯಲ್ಲಿ ಅವಳು ಎದ್ದು ನಿಂತರೆ ಕೊನೆಗೆ ಬರುವುದು ಸ್ಮಶಾನದ ಮಾತಿಗೇ. “ಈಯಮ್ಮಂಗೆ ಬದುಕಿರೋರ ಓಟು ಬೇಡ್ವಂತೆ” ಎಂದು ಜೊತೆಯವರು ನಗುತ್ತಿದ್ದರಂತೆ. ಅವಳೇ ಬಂದು ಹೇಳಿ ನಗುತ್ತಿದ್ದಳು. ಅಂತೂ ಊರಾಚೆ, ನೀರು ನಿಲ್ಲದ ಎತ್ತರದಲ್ಲಿ ಒಂದು ಜಾಗ ಸಿಕ್ಕಿತು. ಕಾಂಪೌಂಡ್ ಎದ್ದಿತು, ಬೋರ್‌ವೆಲ್‌ಗೆ ಮೋಟಾರ್ ಇಳಿಸಿದೆವು, ಸುತ್ತ ಹೊಂಗೆ ಸಸಿ ನೆಡಿಸಿದಳು.

ಆದರೆ ಯಾರೂ ಹೋಗಲಿಲ್ಲ. ಹೊಸ ಸ್ಮಶಾನದಲ್ಲಿ ಮೊದಲು ಮಣ್ಣಾದವರು ಇನ್ನೊಬ್ಬರು ಬರುವ ತನಕ ಒಬ್ಬರೇ ಕಾವಲಿರಬೇಕು ಎಂಬ ಮಾತು ಕೇರಿಯಲ್ಲಿತ್ತು. ತಮ್ಮ ಮನೆಯವರನ್ನು ಕಾವಲಿಗೆ ಕಳಿಸಲು ಯಾರಿಗೂ ಮನಸ್ಸಿಲ್ಲ. ಸಾವಾದ ಮನೆಗೆ ಅವಳು ಹೋಗಿ ಕೂತು ಬರುತ್ತಿದ್ದಳು. ಅವರು ಮತ್ತೆ ಕೆರೆಯ ಕಡೆಗೇ ನಡೆಯುತ್ತಿದ್ದರು.

ಒಂದು ಸಂಜೆ ಅರಳಿಕಟ್ಟೆಯಲ್ಲಿ ಎಲ್ಲರನ್ನೂ ಸೇರಿಸಿದಳು. ಸೊಪ್ಪು ಮಾರುವ ಮುದುಕಿಯೊಬ್ಬಳು ಎಲೆಯಡಿಕೆ ಅಗಿಯುತ್ತ ಕೇಳಿದಳು: “ಏನವ್ವಾ ಮೆಂಬ್ರು, ಜಾಗ ಅಷ್ಟು ಚೆಂದಾಗೈತೆ ಅಂತೀಯ. ನೀನೇ ಒಂದ್ಸಲ ಮಲಿಕ್ಕೊಂಡು ತೋರ್ಸು. ಆಮೇಲೆ ನಾವು ಬತ್ತೀವಿ.”

“ಆಯ್ತು ಕಣಜ್ಜಿ, ನಾನೇ ಮೊದ್ಲು ಹೋಯ್ತೀನಿ. ನೀನು ಮಾತ್ರ ತಡ ಮಾಡ್ಬಾರ್ದು.”

“ಸೊಪ್ಪು ಮಾರ್ಕೊಂಡು ಬತ್ತೀನಿ ಬುಡು.”

ಕಟ್ಟೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಕಾಯಿಲೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ನಾನು ಮೂಸಂಬಿ ಸುಲಿಯುತ್ತಿದ್ದಾಗ ಅವಳು ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

“ರೀ, ನನ್ನನ್ನ ತೋಟಕ್ಕೇ ಕರ್ಕೊಂಡು ಹೋಗ್ತೀರಾ? ಅಲ್ಲಾದ್ರೆ ಅತ್ತೆ ಅವ್ರೆ. ಆ ಹೊಸ ಜಾಗದಲ್ಲಿ ಒಬ್ಳೇ ಅಂದ್ರೆ ಭಯ ಆಯ್ತದೆ ಕಣ್ರೀ.”

“ಈಗ್ಯಾಕೆ ಆ ಮಾತು?” ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ, “ಜನಕ್ಕೆ ಹೇಳ್ಬಿಟ್ಟಿದೀನಿ, ಅಲ್ವಾ?” ಎಂದಳು. ನಾನು ಮೂಸಂಬಿಯ ತೊಳೆ ಬಿಡಿಸಿ ಅವಳ ಕೈಗಿಟ್ಟೆ. ಎರಡು ಮಾತಿನಲ್ಲಿ ಯಾವುದನ್ನು ನಡೆಸಬೇಕು ಎಂದು ಅವಳು ಹೇಳಲಿಲ್ಲ. ಆ ಮಾತು ಮತ್ತೆ ಬರಲೂ ಇಲ್ಲ.

ಅವಳನ್ನು ಮನೆಗೆ ತಂದ ದಿನ ನಮ್ಮಣ್ಣ ಟ್ರ್ಯಾಕ್ಟರ್ ಸಿದ್ಧಮಾಡಿಕೊಂಡು ಬಾಗಿಲಲ್ಲಿದ್ದ. ತೋಟದಲ್ಲಿ ಅವ್ವನ ಪಕ್ಕದಲ್ಲಿ ಆಗಲೇ ಗುಣಿ ತೆಗೆಸಿದ್ದ. ವಾರ್ಡಿನ ಜನ ಎದುರಿನ ಗೋಡೆಗೆ ಒರಗಿ ನಿಂತಿದ್ದರು. ಸೊಪ್ಪಿನ ಅಜ್ಜಿ ಬುಟ್ಟಿಯಿಲ್ಲದೆ ಬಂದಿದ್ದಳು. ಅವಳ ಮಾತು ನಡೆಸಿ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆನೋ ಏನೋ.

“ಇಲ್ಲೇ ಮಾಡಾಣ ಅಣ್ಣ” ಎಂದೆ.

“ಮೆಂಬರ್ ಆಗಿದ್ದು ಮುಗೀತು ಕಣೋ. ಈಗ ಅವಳು ನಮ್ಮನೆ ಸೊಸೆ. ತೆಗೆದ ಗುಣಿ ಖಾಲಿ ಬಿಡ್ತಾರೇನೋ?”

ಅಣ್ಣ ಬಹಳ ಹೊತ್ತು ನನ್ನ ಮುಖ ನೋಡಿದ. ಕೊನೆಗೆ ಟ್ರ್ಯಾಕ್ಟರ್ ತಿರುಗಿಸಿ ಸ್ಮಶಾನದ ಹಾದಿ ಹಿಡಿದ. ತೋಟದ ಗುಣಿಗೆ ಮಾರನೆಯ ದಿನ ತೆಂಗಿನ ಸಸಿ ಇಟ್ಟು ಮುಚ್ಚಿಸಿದನಂತೆ.

ನೆಲ ಒಣಗಿತ್ತು. ಹಿಡಿ ಹಿಡಿ ಮಣ್ಣು ಸರಾಗವಾಗಿ ಉದುರಿತು. ಎಲ್ಲರೂ ಹೊರಟರು. ಗೇಟಿನ ತನಕ ಹೋದ ನಾನು ತಿರುಗಿ ನೋಡಿದೆ. ಅಷ್ಟು ದೊಡ್ಡ ಜಾಗದಲ್ಲಿ ಅದೊಂದೇ ಗುಡ್ಡೆ ಇತ್ತು.

ಅಂದಿನಿಂದ ಅಂಗಡಿ ಮುಚ್ಚಿ ಸಂಜೆ ಅಲ್ಲಿಗೆ ಹೋಗತೊಡಗಿದೆ. ಹೊಂಗೆ ಸಸಿಗಳಿಗೆ ನೀರು ಬೇಕಿತ್ತು. ಮನೆಯಲ್ಲಿ ಬೋರಲು ಬಿದ್ದಿದ್ದ ಆ ಬಕೆಟ್ ತೆಗೆದುಕೊಂಡು ಹೋಗಿ ಹಾಕುತ್ತಿದ್ದೆ. ಸಸಿಗಾಗಿ ಬರುತ್ತಾನೆ ಎಂದು ಜನ ತಿಳಿದಿದ್ದರು. ನೀರು ಹಾಕುವ ಕೆಲಸ ಬೇಗ ಮುಗಿಯುತ್ತಿತ್ತು. ಆಮೇಲೆ ಅವಳ ಪಕ್ಕ ಸುಮ್ಮನೆ ಕೂರುತ್ತಿದ್ದೆ. ಕತ್ತಲಾಗುವಾಗ ಎದ್ದು ಬರುವುದೇ ಕಷ್ಟವಾಗುತ್ತಿತ್ತು. ಆ ನಡುವೆ ವಾರ್ಡಿನಲ್ಲಿ ಸಾವುಗಳಾದವು. ಗೇಟಿನ ಕೀಲಿ ನನ್ನ ಹತ್ತಿರವೇ ಇತ್ತು, ಅದನ್ನು ಕೇಳಿಕೊಂಡು ಮಾತ್ರ ಯಾರೂ ಬರಲಿಲ್ಲ. ಸಾವಿನ ಸುದ್ದಿ ಕೇಳಿದಾಗಲೆಲ್ಲ ನನ್ನೊಳಗೆ ಏನು ಆಸೆ ಹುಟ್ಟುತ್ತಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಒಂದು ಬೆಳಗ್ಗೆ ಸೊಪ್ಪಿನ ಅಜ್ಜಿಯ ಮಗ ಅಂಗಡಿಯ ಮುಂದೆ ಬಂದು ನಿಂತ. ತಲೆಗೆ ಟವೆಲ್ ಸುತ್ತಿದ್ದ.

“ಅವ್ವ ಹೋಯ್ತು ಅಣ್ಣ. ಸ್ಮಶಾನದ ಗೇಟಿನ ಕೀಲಿ ನಿಮ್ಮತ್ರ ಐತಂತಲ್ಲ.”

ಕೀಲಿ ತೆಗೆಯಲು ಒಳಗೆ ಹೋದೆ. ಅದು ಮೊಳೆಯಲ್ಲೇ ಇದ್ದರೂ ಬಹಳ ಹೊತ್ತು ನನ್ನ ಕಣ್ಣಿಗೆ ಕಾಣಲಿಲ್ಲ.

“ಮೆಂಬರ್ ಪಕ್ಕದಲ್ಲೇ ಮಡಗ್ರೋ ಅಂತ ಮೊದ್ಲೇ ಹೇಳಿತ್ತು” ಎಂದ ಅವನು. “ಪಾಪ ಆ ಹುಡ್ಗಿ ಒಂದೇ ಐತೆ, ನಾನು ತಡ ಮಾಡ್ಬಿಟ್ಟೆ ಅಂತಿತ್ತು.”

ಆಸ್ಪತ್ರೆಯಲ್ಲಿ ಅವಳು ಹೇಳಿದ್ದನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಮಗ ಅಳುತ್ತಿದ್ದ. ಅವನ ಹೆಗಲ ಮೇಲೆ ಕೈಯಿಟ್ಟೆ. ಕೀಲಿ ಕೊಟ್ಟೆ. ಮಣ್ಣು ಹಾಕಿ ಬಂದ ಆ ಸಂಜೆ ನಾನು ಸ್ಮಶಾನಕ್ಕೆ ಮತ್ತೆ ಹೋಗಲಿಲ್ಲ, ಮನೆಯಲ್ಲೇ ಉಳಿದೆ.