ಲ್ಯಾಮಿನೇಷನ್ ಆದ ಬೇಸ್‌ಬಾಲ್ ಆಟಗಾರ

ಗೆಳೆಯರೇ, ತಮ್ಮ ದೇಶಕ್ಕೆ ಮರಳುವಾಗ ಅಮೆರಿಕನ್ ಎಂಜಿನಿಯರ್ ಒಬ್ಬರು ಕೊಟ್ಟುಹೋದ ಆಟಗಾರನ ಚಿತ್ರವಿರುವ ನನ್ನ ಅತಿ ಹಳೆಯ ಬೇಸ್‌ಬಾಲ್ ಕಾರ್ಡನ್ನು ನಮ್ಮ ರೂಮಿನ ಬಸಣ್ಣ ಇವತ್ತು ಇಲ್ಲಿ ಗಲ್ಫ್‌ನ ಘಾಲಾ ಎಂಬಲ್ಲಿನ ಟೈಪಿಂಗ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ತಂದ.

“ನನ್ನ ಲೇಬರ್ ಕಾರ್ಡಿನ ಜೋಡಿ ಇದನ್ನೂ ಮಾಡಿಸಿದೆ, ತಮ್ಮಾ. ಇನ್ನ ಹರಿಯೂದಿಲ್ಲ.”

ಹಳೆಯ ಕಾರ್ಡು ಸಂಗ್ರಹ ಮಾಡುವವರ ಕಣ್ಣಿಗೆ ಪ್ಲಾಸ್ಟಿಕ್ ಅಂಟಿದ ಆ ಕಾರ್ಡು ಇನ್ನು ಕಸ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಅದರ ಹಿಂಬದಿಯಲ್ಲಿದ್ದ, ಆಟಗಾರನ ವರ್ಷವಾರು ಲೆಕ್ಕ ತೋರಿಸಿದ.

“ಈ ಮೂರು ವರ್ಷ ಖಾಲಿ ಯಾಕದ?”

“ಯುದ್ಧಕ್ಕ ಹೋಗಿದ್ದ. ಕೆಳಗ ನೋಡಣ್ಣ, ಬಂದು ಮತ್ತ ಹತ್ತು ವರ್ಷ ಆಡ್ಯಾನ.”

ಹೇಳುವಾಗ ಎಂದಿನಂತೆ ಮೈ ಜುಮ್ಮೆಂದಿತು. ಸಿಟ್ಟು ಎಲ್ಲಿ ಹೋಯಿತೋ. ಬಸಣ್ಣ ಆ ಖಾಲಿ ಸಾಲುಗಳ ಮೇಲೆ ಬೆರಳಾಡಿಸಿದ. ಆಮೇಲೆ ಅಂದ: “ನೀ ಶಾಲಿ ಬಿಟ್ಟೂ ಮೂರು ವರ್ಷ ಆತಲ್ಲ. ಹೊಳ್ಳಿ ಹೋಗು.”

ಆ ಆಟಗಾರ ಯುದ್ಧಕ್ಕೆ ಹೋಗಿದ್ದ. ಸುಳ್ಳೇಕೆ ಹೇಳಲಿ, ನಾನು ಗಣಿತಕ್ಕೆ ಹೆದರಿ ಓಡಿಬಂದವನು.